ಗಗನಕ್ಕೂ ಪಾತಾಳಕ್ಕೂ ನಡುವೆ ಒಬ್ಬ ವರದಿಗಾರ

ನಮ್ಮ ಸುದ್ದಿಮನೆಗಳಲ್ಲಿ ಈರುಳ್ಳಿಗೆ ಎರಡೇ ವಿಳಾಸ: ಗಗನ ಮತ್ತು ಪಾತಾಳ. ಬೆಲೆ ಏರಿದರೆ ‘ಗ್ರಾಹಕರ ಕಣ್ಣಲ್ಲಿ ನೀರು’, ಇಳಿದರೆ ‘ರೈತರ ಕಣ್ಣಲ್ಲಿ ನೀರು’. ಉಪಸಂಪಾದಕ ಮಹಾಶಯರು ಒಂದು ಪದ ಬದಲಿಸಿದರೆ ಸಾಕು, ಅದೇ ಕಣ್ಣು, ಅದೇ ನೀರು, ವರ್ಷವಿಡೀ ನಡೆಯುತ್ತದೆ. ಈರುಳ್ಳಿ ಭೂಮಿಯ ಮೇಲಿದ್ದ ದಿನ, ಅಂದರೆ ಬೆಳೆದವನಿಗೂ ಕೊಂಡವನಿಗೂ ಹೇಗೋ ಗಿಟ್ಟಿದ ದಿನ, ಅದು ಸುದ್ದಿಯಲ್ಲ. ಅಂದು ಅದರ ಜಾಗ ಮಧ್ಯಾಹ್ನದ ಅಡುಗೆ ಕಾರ್ಯಕ್ರಮದಲ್ಲಿ.

ಈ ಗಗನ-ಪಾತಾಳಗಳೆರಡರ ಪ್ರಧಾನ ಕಚೇರಿ ಒಂದೇ ತಾಲೂಕಿನಲ್ಲಿದೆ, ನಾಶಿಕ ಜಿಲ್ಲೆಯ ನಿಫಾಡ್‌ನಲ್ಲಿ. ಲಾಸಲಗಾಂವ್‌ ಮಾರುಕಟ್ಟೆಯ ಹೆಸರು ಈರುಳ್ಳಿ ತಿನ್ನದವರಿಗೂ ಗೊತ್ತು. ಅದೇ ತಾಲೂಕಿನಲ್ಲಿ, ನಾಶಿಕದಿಂದ ಸುಮಾರು 30 ಕಿ.ಮೀ. ದೂರದಲ್ಲಿ, ಮುಂಬೈ-ಆಗ್ರಾ ಹೆದ್ದಾರಿಗೆ ಹೊಂದಿಕೊಂಡು ಪಿಂಪಳಗಾಂವ್ ಬಸವಂತ್ ಇದೆ. ಅಲ್ಲಿ ಟೋಲ್ ನಾಕಾ ಇದೆ, ದ್ರಾಕ್ಷಿ ಇದೆ, ಈರುಳ್ಳಿ ಇದೆ, ಹಂಗಾಮು ಬಂತೆಂದರೆ 20 ಕಿಲೋದ ಟೊಮೆಟೊ ಕ್ರೇಟುಗಳು ಗೋಡೆಗೋಡೆಯಾಗಿ ಏಳುತ್ತವೆ. ಪ್ರಧಾನಮಂತ್ರಿಗಳು ಚುನಾವಣಾ ಭಾಷಣಕ್ಕೂ ಇದೇ ಊರಿಗೆ ಬರುತ್ತಾರೆ, 2019ರಲ್ಲೂ ಬಂದಿದ್ದರು, 2024ರಲ್ಲೂ ಬಂದರು. ಇಷ್ಟೆಲ್ಲ ಇರುವ ಊರಿಗೆ ಒಬ್ಬ ಪತ್ರಕರ್ತ ಬೇಡವೇ? ಬೇಕು. ಸಂಬಳ ಕೇಳದವನು ಬೇಕು.

ನಮ್ಮ ಕಥಾನಾಯಕ ಸಿಕ್ಕಿದ್ದು ಹಾಗೆ. ಧಾರಾಶಿವ ಜಿಲ್ಲೆಯ ಉಮರ್ಗಾ ಕಡೆಯವನು ಎಂದಿಟ್ಟುಕೊಳ್ಳಿ, ಕರ್ನಾಟಕದ ಗಡಿಗೆ ಬೆನ್ನು ತಾಗಿಸಿಕೊಂಡ ತಾಲೂಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ. ಹೆಸರು ಬೇಡ. ಇಂಥವರು ಜಿಲ್ಲೆಗೆ ಹತ್ತು ಮಂದಿ ಇದ್ದಾರೆ, ಒಬ್ಬನ ಹೆಸರು ಹಾಕಿದರೆ ಉಳಿದ ಒಂಬತ್ತು ಮಂದಿಗೆ ಬೈಲೈನ್ ತಪ್ಪಿದ ಹಾಗೆ. ಅದು ಅವರಿಗೆ ಹೇಗೂ ತಪ್ಪುತ್ತಲೇ ಇದೆ.

ಅವನು ಓದಿದ್ದು ಛತ್ರಪತಿ ಸಂಭಾಜಿನಗರದಲ್ಲಿ, ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದಲ್ಲಿ. ಅಲ್ಲಿ ಕಲಿತದ್ದು ಬಹಳ. ಯಾರ ಹೆಸರಿನ ವಿಶ್ವವಿದ್ಯಾಲಯವೋ ಅವರೇ 1920ರ ಜನವರಿ 31ರಂದು ‘ಮೂಕನಾಯಕ’ ಎಂಬ ಪತ್ರಿಕೆ ತಂದರು. ಅದರ ಜಾಹೀರಾತನ್ನು ದುಡ್ಡು ಕೊಡುತ್ತೇವೆಂದರೂ ‘ಕೇಸರಿ’ ಪತ್ರಿಕೆ ಹಾಕಲಿಲ್ಲ. ಅದಕ್ಕೂ ಹತ್ತು ವರ್ಷ ಮೊದಲು, 1910ರಲ್ಲಿ, ಮುಕುಂದರಾವ್ ಪಾಟೀಲರು ‘ದೀನಮಿತ್ರ’ ಶುರುಮಾಡಿದರು, ಅಹಮದ್‌ನಗರ ಜಿಲ್ಲೆಯ ತರವಡಿ ಎಂಬ ಹಳ್ಳಿಯಲ್ಲಿ ಕೂತು ದಶಕಗಳ ಕಾಲ ನಡೆಸಿದರು. ನಮ್ಮ ಹುಡುಗ ಇವನ್ನೆಲ್ಲ ಹತ್ತು ಅಂಕದ ಉತ್ತರವಾಗಿ ಬರೆದ, ಎಂಟು ಬಂತು.

ಕಳೆದುಹೋದ ಎರಡು ಅಂಕ ಹೊರಗಿನ ಪ್ರಪಂಚದಲ್ಲಿ ಸಿಕ್ಕಿತು. 1920ರಲ್ಲಿ ದುಡ್ಡು ಕೊಟ್ಟರೂ ಜಾಹೀರಾತು ಹಾಕದ ಪತ್ರಿಕೆಯಿತ್ತು, ಜಾತಿ ಅಡ್ಡ ಬರುತ್ತಿತ್ತು. ಈಗ ಅಂಥ ಸಂಕುಚಿತ ಬುದ್ಧಿ ಇಲ್ಲ. ದುಡ್ಡು ಕೊಟ್ಟರೆ ಯಾರ ಜಾಹೀರಾತನ್ನಾದರೂ ಹಾಕುತ್ತಾರೆ, ಇನ್ನೂ ಸ್ವಲ್ಪ ಕೊಟ್ಟರೆ ಅದನ್ನೇ ಸುದ್ದಿ ಮಾಡುತ್ತಾರೆ. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಈ ಸಮಾನತೆ ಎಲ್ಲಿಗೆ ಮುಟ್ಟಿತ್ತೆಂದರೆ, ಒಂದೇ ಹೊಗಳಿಕೆಯ ಲೇಖನ ಅಲ್ಪವಿರಾಮವೂ ಅಲುಗಾಡದೆ ಪರಸ್ಪರ ಪೈಪೋಟಿಯ ಪತ್ರಿಕೆಗಳಲ್ಲಿ ಬೇರೆ ಬೇರೆಯವರ ಹೆಸರಿನಲ್ಲಿ ಅಚ್ಚಾಯಿತು. ಪಿ. ಸಾಯಿನಾಥ್ ಅದನ್ನು ‘ದಿ ಹಿಂದೂ’ವಿನಲ್ಲಿ ಬಯಲಿಗೆಳೆದರು, ಮರುವರ್ಷ ಪ್ರೆಸ್ ಕೌನ್ಸಿಲ್ ವರದಿಯೂ ಬಂತು. ಪಠ್ಯಕ್ರಮದಲ್ಲಿ ‘ಪೇಯ್ಡ್ ನ್ಯೂಸ್’ ಎಂಬ ಹೊಸ ಅಧ್ಯಾಯ ಸೇರಿತು. ಪರೀಕ್ಷೆಗೆ ಬಹಳ ಮುಖ್ಯವಂತೆ.

ಅವನ ವೃತ್ತಿಜೀವನ ಶುರುವಾದದ್ದು 2023ರ ಜುಲೈನಲ್ಲಿ. ಎರಡು ಕೆಲಸ: ನಾಶಿಕದ ಒಂದು ಮರಾಠಿ ಪತ್ರಿಕೆಗೆ ತಾಲೂಕು ಪ್ರತಿನಿಧಿ, ಕನ್ನಡ ಬರುತ್ತದೆಂಬ ಒಂದೇ ಅಪರಾಧಕ್ಕೆ ಬೆಂಗಳೂರಿನ ಒಂದು ಚಾನೆಲ್ಲಿಗೆ ಸ್ಟ್ರಿಂಗರ್. ಪತ್ರಿಕೆಯವರು ಗುರುತಿನ ಚೀಟಿ ಕೊಟ್ಟರು, ಸಂಬಳ ಕೊಡಲಿಲ್ಲ. ಚಾನೆಲ್‌ನವರು ಲೋಗೋ ಕೊಟ್ಟರು, ಮೈಕ್ ಕೊಡಲಿಲ್ಲ. ಲೋಗೋವನ್ನು ತನ್ನದೇ ಮೈಕಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಕೊಂಡ. ಇಂಥದನ್ನು ಈಗ ಮಲ್ಟಿಮೀಡಿಯಾ ಜರ್ನಲಿಸಂ ಎನ್ನುತ್ತಾರೆ.

ಆ ಜುಲೈನಲ್ಲಿ ಕರ್ನಾಟಕದಲ್ಲಿ ಮೂರು ಐತಿಹಾಸಿಕ ಘಟನೆಗಳಾದವು. ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತು, ಬೆಂಗಳೂರಿನಲ್ಲಿ ಟೊಮೆಟೊ ತುಂಬಿದ ವಾಹನವನ್ನೇ ಅಪಹರಿಸಿದರು. ಅದೇ ತಿಂಗಳು ಪವರ್ ಟಿವಿ ‘ಸೌಂದರ್ಯ’ ಎಂಬ ಕೃತಕ ಬುದ್ಧಿಮತ್ತೆಯ ನಿರೂಪಕಿಯನ್ನು ಪರದೆಗೆ ತಂದಿತು. ಆಕೆಗೆ ರಜೆ ಬೇಡ, ಪಿಎಫ್ ಬೇಡ, ರಾತ್ರಿ ಪಾಳಿಯ ನಂತರ ಮನೆಗೆ ಬಿಡುವ ಕ್ಯಾಬ್ ಬೇಡ. ಬೆಂಗಳೂರು ಡೆಸ್ಕಿನ ಹಿರಿಯರೊಬ್ಬರು ನಮ್ಮ ಹುಡುಗನಿಗೆ ಫೋನಿನಲ್ಲಿ ಹೇಳಿದರಂತೆ: ‘ನೋಡಪ್ಪ, ಮುಂದೆ ಆ್ಯಂಕರ್ ಕೆಲಸ ಎಲ್ಲ ಕಂಪ್ಯೂಟರ್ ಮಾಡುತ್ತೆ. ಆದ್ರೆ ಮಂಡಿಗೆ ಹೋಗಿ ಕೆಸರಲ್ಲಿ ನಿಲ್ಲೋಕೆ ಮನುಷ್ಯನೇ ಬೇಕು. ನಿನ್ನ ಕೆಲಸ ಭದ್ರ.’ ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಸಂಬಳ ಯಾವಾಗ ಎಂದು ಕೇಳುವುದೇ ಮರೆತುಹೋಯಿತು. ಅತ್ತ ಊರಿನಿಂದ ಅಪ್ಪ ಮಾತ್ರ ಮರೆಯುತ್ತಿರಲಿಲ್ಲ. ‘ಪಗಾರ ಆತೇನು?’ ಎಂದು ತಿಂಗಳ ಮೊದಲ ವಾರ ಫೋನು. ‘ಆಗ್ತದ ಅಪ್ಪಾ, ಪ್ರೊಸೆಸ್‌ದಾಗ ಅದ.’ ‘ಪ್ರೊಸೆಸ್ ಅಂದ್ರ ಬೀಜಾನೋ, ಬೆಳಿಯೋ?’

ಟೊಮೆಟೊ ಗಗನದಲ್ಲಿದ್ದಾಗ ಡೆಸ್ಕಿಗೆ ಬೇಕಾದದ್ದು ‘ಕೋಟ್ಯಧಿಪತಿ ರೈತ’. ಎಲ್ಲಾದರೂ ಒಬ್ಬನನ್ನು ಹಿಡಿದು ತಾ, ಹೊಸ ಕಾರಿನ ಪಕ್ಕ ನಿಲ್ಲಿಸು. ಆಗಸ್ಟಿನಲ್ಲಿ ನಾಶಿಕದ ಹೊಸ ಬೆಳೆ ಪಿಂಪಳಗಾಂವ್‌ಗೆ ಇಳಿಯತೊಡಗಿತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಮಕಾಡೆ ಮಲಗಿತು, ರೈತರು ಹಣ್ಣನ್ನು ರಸ್ತೆಗೆ ಸುರಿದರು. ಆಗ ಡೆಸ್ಕಿಗೆ ಬೇಕಾದದ್ದು ಡ್ರೋನ್ ಶಾಟ್. ಜುಲೈ ಮತ್ತು ಸೆಪ್ಟೆಂಬರ್ ನಡುವೆ ಏನಾಯಿತು, ಗಗನದ ಬೆಲೆ ನೋಡಿ ಎಷ್ಟು ಎಕರೆ ಹೊಸದಾಗಿ ನಾಟಿಯಾಯಿತು, ಸಾಲ ಯಾರು ಕೊಟ್ಟರು ಎಂದು ಅವನು 800 ಪದ ಬರೆದು ಕಳಿಸಿದ. ‘ಚೆನ್ನಾಗಿದೆ. ಇದರಲ್ಲಿ ವಿಷುವಲ್ ಎಲ್ಲಿ?’ ಎಂಬ ಉತ್ತರ ಬಂತು.

ಈರುಳ್ಳಿ ಹರಾಜನ್ನು ಅವನು ಹತ್ತಿರದಿಂದ ನೋಡಿದ್ದು ಅದೇ ದಿನಗಳಲ್ಲಿ. ಬೆಳಗ್ಗೆಯೇ ಟ್ರ್ಯಾಕ್ಟರ್ ಟ್ರಾಲಿಗಳು ಸಾಲುಗಟ್ಟುತ್ತವೆ. ದರ ಕೂಗುವವನ ಹಿಂದೆ ವ್ಯಾಪಾರಿಗಳ ಹಿಂಡು. ಒಬ್ಬ ರಾಶಿಯೊಳಗೆ ಮೊಣಕೈವರೆಗೆ ತೋಳು ಇಳಿಸಿ ಅಡಿಯ ಗಡ್ಡೆಯೊಂದನ್ನು ಎಳೆಯುತ್ತಾನೆ, ಹೆಬ್ಬೆರಳಿನಿಂದ ಅದರ ಕುತ್ತಿಗೆ ಅಮುಕುತ್ತಾನೆ. ಮೆತ್ತಗಿದ್ದರೆ ತಾಳಿಕೆಯ ಮಾಲಲ್ಲ. ಸಿಪ್ಪೆ ಉಜ್ಜಿ ಬಣ್ಣ ನೋಡುತ್ತಾನೆ. ನಾಲ್ಕು ಸಲ ದರ ಕೂಗು, ಚೀಟಿ ಹರಿ, ಮುಂದಿನ ಟ್ರಾಲಿ. ತಿಂಗಳುಗಟ್ಟಲೆ ಚಾಳ್ ಎಂಬ ದಾಸ್ತಾನು ಮನೆಯಲ್ಲಿ ಗಾಳಿಯಾಡಿಸಿ ಕಾಪಾಡಿದ ಬೇಸಿಗೆಯ ಬೆಳೆ ನಿಮಿಷದೊಳಗೆ ತೀರ್ಮಾನವಾಗುತ್ತದೆ. ತನ್ನ ಕೆಲಸದ ಸಂದರ್ಶನವೂ ಹೀಗೇ ಆಗಿತ್ತಲ್ಲ ಎಂದು ಅವನಿಗೆ ಹೊಳೆಯಿತು. ಕುತ್ತಿಗೆ ಅಮುಕಿದ್ದರು, ತಾಳಿಕೆ ನೋಡಿದ್ದರು. ವ್ಯತ್ಯಾಸವಿಷ್ಟೇ: ಈರುಳ್ಳಿಗೆ ಚೀಟಿಯಲ್ಲಿ ದರ ಬರೆದುಕೊಟ್ಟರು.

ಮಾರುಕಟ್ಟೆ ಸಮಿತಿ ದಿನವೂ ಮೂರು ದರ ಬರೆಯುತ್ತದೆ, ಮರಾಠಿಯವರು ಕಿಮಾನ್, ಕಮಾಲ್, ಸರಾಸರಿ ಎನ್ನುತ್ತಾರೆ. ಕಮಾಲ್ ಎಂದರೆ ಆ ದಿನದ ಗರಿಷ್ಠ. ಎಷ್ಟೋ ಸಲ ಅದು ಒಂದೋ ಎರಡೋ ಟ್ರಾಲಿಗೆ, ಸಾಲಿನಲ್ಲಿ ಎದ್ದು ಕಾಣುವ ಮಾಲಿಗೆ ಸಿಕ್ಕ ದರ. ಬಹುಪಾಲು ರೈತರ ಕೈಗೆ ಬರುವುದು ಸರಾಸರಿಯ ಆಸುಪಾಸು, ಅದರಲ್ಲೂ ಬಾಡಿಗೆ, ಹಮಾಲಿ ಕಳೆದು. ತಲೆಬರಹಕ್ಕೆ ಹೋಗುವುದು ಕಮಾಲ್ ಮಾತ್ರ. ಬೆಂಗಳೂರಿನಲ್ಲಿ ಕೂತು ಓದಿದವರು ‘ರೈತರಿಗೆ ಏನು ಕಡಿಮೆ ಬಿಡ್ರೀ’ ಎಂದು ತಿಂಡಿ ಮುಗಿಸುತ್ತಾರೆ. ಹುಡುಗ ಒಂದು ದಿನ ಮೂರೂ ದರ ಹಾಕಿ ಕಳಿಸಿದ. ‘ಮೂರು ಸಂಖ್ಯೆ ಹಾಕಿದರೆ ಓದುಗರಿಗೆ ಗೊಂದಲ’ ಎಂದರು. ಓದುಗರ ಬಗ್ಗೆ ಇಷ್ಟು ಕಾಳಜಿ ಇರುವವರು ‘ಈ ಮೂರು ರಾಶಿಯವರಿಗೆ ಇಂದು ಧನಲಾಭ’ ಎನ್ನುವಾಗ ಗೊಂದಲಪಡುವುದಿಲ್ಲ.

ಇಲ್ಲೊಂದು ಸತ್ಯ ಹೇಳಲೇಬೇಕು, ಪತ್ರಿಕೋದ್ಯಮದ ಅಧ್ಯಾಪಕರು ಬೇಸರಿಸಬಾರದು. ಈ ಈರುಳ್ಳಿ ಸೀಮೆಯಲ್ಲಿ ಕಳೆದ ಕೆಲವು ವರ್ಷಗಳ ಅತ್ಯುತ್ತಮ ಪತ್ರಿಕೋದ್ಯಮವನ್ನು ಮಾಡಿದವರು ರೈತರು. 2018ರ ಕೊನೆಯಲ್ಲಿ ಇದೇ ನಿಫಾಡ್ ತಾಲೂಕಿನ ರೈತರೊಬ್ಬರು 750 ಕಿಲೋ ಈರುಳ್ಳಿ ಮಾರಿ 1,064 ರೂಪಾಯಿ ಪಡೆದರು. ಕಿಲೋಗೆ ಒಂದೂವರೆ ರೂಪಾಯಿಯೂ ಬೀಳಲಿಲ್ಲ. ಅವರು ಅಳಲಿಲ್ಲ, ಕ್ಯಾಮೆರಾಗೆ ಕಾಯಲಿಲ್ಲ. ಅಷ್ಟೂ ದುಡ್ಡನ್ನು ಪ್ರಧಾನಮಂತ್ರಿಗೆ ಮನಿಯಾರ್ಡರ್ ಮಾಡಿದರು, ಕಮಿಷನ್ 54 ರೂಪಾಯಿ ಕೈಯಿಂದ ಹಾಕಿ. ಮನಿಯಾರ್ಡರ್ ವಾಪಸು ಬಂತು, ಆನ್‌ಲೈನಿನಲ್ಲಿ ಪಾವತಿಸಬಹುದೆಂಬ ಸೂಚನೆಯೊಂದಿಗೆ. ಇಂಥ ತಲೆಬರಹವನ್ನು ಯಾವ ಡೆಸ್ಕ್ ಕೊಟ್ಟೀತು? 2023ರ ಫೆಬ್ರುವರಿಯಲ್ಲಿ, ನಮ್ಮ ಪಕ್ಕದ ಸೊಲ್ಲಾಪುರದ ಮಾರುಕಟ್ಟೆಗೆ 512 ಕಿಲೋ ಈರುಳ್ಳಿ ತಂದವರೊಬ್ಬರಿಗೆ ಖರ್ಚು ಕಳೆದು ಸಿಕ್ಕಿದ್ದು 2 ರೂಪಾಯಿಯ ಚೆಕ್, ಅದೂ ಮುಂದಿನ ತಾರೀಖಿನದು. ಅವರು ಮಾಡಿದ್ದು ಇಷ್ಟೇ, ಆ ಚೆಕ್ಕನ್ನು ಜನರಿಗೆ ತೋರಿಸಿದರು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ, ಎಲ್ಲ ಆ ಒಂದು ಕಾಗದದಲ್ಲಿತ್ತು. ನಮ್ಮವರು ಮಾಡಿದ್ದು ಅದರ ಮೇಲೆ ‘ಅಯ್ಯೋ!’ ಎಂದು ಅಂಟಿಸುವ ಕೆಲಸ.

ಅತ್ತ ಸರ್ಕಾರವೂ ಸುಮ್ಮನಿರಲಿಲ್ಲ, ಅದು ಪತ್ರಿಕಾ ಪ್ರಕಟಣೆಗಳ ಮೂಲಕ ಪತ್ರಿಕೋದ್ಯಮ ಮಾಡುತ್ತಿತ್ತು. 2023ರ ಆಗಸ್ಟ್ 19ರಂದು ಈರುಳ್ಳಿ ರಫ್ತಿಗೆ ಶೇ 40 ಸುಂಕ. ನಾಶಿಕದ ಮಂಡಿಗಳು ಹರಾಜು ನಿಲ್ಲಿಸಿದವು. ಕೊಳ್ಳಲಾಗದವರು ಎರಡು-ನಾಲ್ಕು ತಿಂಗಳು ಈರುಳ್ಳಿ ತಿನ್ನದಿದ್ದರೆ ಏನೂ ಆಗುವುದಿಲ್ಲ ಎಂದು ಮಹಾರಾಷ್ಟ್ರದ ಸಚಿವ ದಾದಾ ಭುಸೆ ಉಪವಾಸದ ಮಹಿಮೆ ತಿಳಿಸಿದರು. ಡಿಸೆಂಬರ್ 8ರಂದು ರಫ್ತೇ ಬಂದ್. 2024ರ ಏಪ್ರಿಲ್ 27ರಂದು, ಚುನಾವಣೆ ಬಿಸಿಯಲ್ಲಿ, ಒಂದು ಪ್ರಕಟಣೆ: ಆರು ದೇಶಗಳಿಗೆ 99,150 ಟನ್ ಈರುಳ್ಳಿ ರಫ್ತಿಗೆ ಅನುಮತಿ. ಸುದ್ದಿಮನೆಗಳು ಕುಣಿದವು. ‘ರೈತರಿಗೆ ಬಂಪರ್’. ನಮ್ಮ ಹುಡುಗ ಮಂಡಿಯಲ್ಲಿ ನಿಂತು ಲೆಕ್ಕ ಹಾಕಿದ, ಬಾಂಗ್ಲಾದೇಶಕ್ಕೆ ಇಷ್ಟು, ಯುಎಇಗೆ ಇಷ್ಟು, ಭೂತಾನ್, ಬಹ್ರೇನ್, ಮಾರಿಷಸ್, ಶ್ರೀಲಂಕಾಗೆ ಇಷ್ಟಿಷ್ಟು. ಇವೆಲ್ಲ ಹಿಂದಿನ ತಿಂಗಳುಗಳಲ್ಲೇ ಬಿಡಿಬಿಡಿಯಾಗಿ ಕೊಟ್ಟ ಅನುಮತಿಗಳು, ಈಗ ಕೂಡಿ ಒಟ್ಟು ಹಾಕಿದ್ದಾರೆ. ರೈತ ಸಂಘಟನೆಯವರೂ ಅದನ್ನೇ ಹೇಳುತ್ತಿದ್ದರು. ಅವನು ಡೆಸ್ಕಿಗೆ ಫೋನ್ ಮಾಡಿ, ‘ಸರ್, ಇದು ಹಳೇ ಸುದ್ದಿ’ ಎಂದ. ‘ಗೂಗಲ್ ಡಿಸ್ಕವರ್‌ನಲ್ಲಿ ಓಡ್ತಾ ಇದೆಯಲ್ಲ, ಹಳೇದು ಹೇಗಾಗುತ್ತೆ?’ ನಿಷೇಧ ನಿಜವಾಗಿ ಎದ್ದದ್ದು ಮೇ 4ರಂದು, ಶೇ 40 ಸುಂಕ ಮತ್ತು ಟನ್ನಿಗೆ 550 ಡಾಲರ್ ಕನಿಷ್ಠ ದರದ ಭಾರ ಹೊತ್ತುಕೊಂಡು. ಅಷ್ಟರಲ್ಲಿ ಬಂಪರ್ ಖರ್ಚಾಗಿಹೋಗಿತ್ತು, ಹೊಸ ತಲೆಬರಹಕ್ಕೆ ಪದ ಸಿಗದೆ ‘ಮತ್ತೊಂದು ಬಂಪರ್’ ಎಂದು ಹಾಕಿದರು.

ಆಮೇಲೆ ಬಂತು ಮೇ 15. ಪಿಂಪಳಗಾಂವ್ ಬಸವಂತ್‌ನಲ್ಲಿ ಪ್ರಧಾನಿಯವರ ಸಭೆ, ದಿಂಡೋರಿ ಮತ್ತು ನಾಶಿಕದ ಅಭ್ಯರ್ಥಿಗಳ ಪರವಾಗಿ. ಪತ್ರಕರ್ತರನ್ನು ಸಭೆಯ ಒಂದು ಪಕ್ಕಕ್ಕೆ ಬೇಲಿ ಕಟ್ಟಿ ಕೂರಿಸುವುದು ಇಂಥಲ್ಲಿ ವಾಡಿಕೆ. ಕೊರಳಲ್ಲಿ ಪಾಸು, ಕೈಯಲ್ಲಿ ನೀರಿನ ಬಾಟಲಿ, ಪ್ರಶ್ನೆಗೆ ಅವಕಾಶವಿಲ್ಲ. ಪ್ರಶ್ನೆಯ ಅಭ್ಯಾಸವಾದರೂ ಎಲ್ಲಿದೆ? 2019ರ ಮೇ 17ರಂದು ದೆಹಲಿಯ ಪಕ್ಷದ ಕಚೇರಿಯಲ್ಲಿ ನಡೆದ ಪತ್ರಿಕಾಗೋಷ್ಠಿಯಲ್ಲಿ ಪ್ರಧಾನಿ ಕೂತಿದ್ದರು, ಪ್ರಶ್ನೆಗಳು ಅಮಿತ್ ಶಾ ಅವರ ಪಾಲಾದವು. ದೇಶದ ಘಟಾನುಘಟಿ ಸಂಪಾದಕರು ಆಮೇಲೆ ಸಿಕ್ಕ ಸಂದರ್ಶನಗಳಲ್ಲಿ ಆಯಾಸ, ಚೈತನ್ಯ, ದಿನಚರಿಗಳ ಬಗ್ಗೆ ಆಳವಾಗಿ ವಿಚಾರಿಸಿದರು. ಇಲ್ಲಿ, ಈ ಪಿಂಪಳಗಾಂವ್‌ನ ಬಿಸಿಲಲ್ಲಿ, ವಿರೋಧ ಪಕ್ಷಗಳ ಮೇಲೆ ಭಾಷಣ ಸಾಗುತ್ತಿದ್ದಾಗ ಜನರ ನಡುವಿನಿಂದ ಒಬ್ಬ ಯುವಕ ಎದ್ದು ನಿಂತು ಕೂಗಿದ: ‘ಕಾಂದ್ಯಾವರ್ ಬೋಲಾ!’

ಈರುಳ್ಳಿ ಬಗ್ಗೆ ಮಾತಾಡಿ. ಮುಗಿಯಿತು. ಪೀಠಿಕೆಯಿಲ್ಲ, ‘ಸರ್, ಎರಡು ಭಾಗದ ಪ್ರಶ್ನೆ’ ಇಲ್ಲ, ‘ನಿಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದ’ ಇಲ್ಲ. ಸ್ಥಳೀಯ ಭಾಷೆ, ಸ್ಥಳೀಯ ವಿಷಯ, ಉತ್ತರ ಕೊಡಬೇಕಾದ ವ್ಯಕ್ತಿಗೇ ನೇರ. ಭಾಷಣ ಕ್ಷಣ ನಿಂತಿತು, ಸುತ್ತಲಿಂದ ‘ಮೋದಿ ಮೋದಿ’ ಎದ್ದಿತು, ವೇದಿಕೆಯಿಂದ ‘ಭಾರತ್ ಮಾತಾ ಕೀ ಜೈ’, ‘ಜೈ ಶ್ರೀರಾಮ್’ ಮೊಳಗಿತು. ಪೊಲೀಸರು ಯುವಕನನ್ನು ಕರೆದುಕೊಂಡು ಹೋದರು. ಸರ್ಕಾರ ಈರುಳ್ಳಿ ದಾಸ್ತಾನು ಮಾಡಿದ ಮಾತೂ ಭಾಷಣದಲ್ಲಿ ಬಂತು ಅನ್ನುವುದನ್ನು ನ್ಯಾಯವಾಗಿ ಹೇಳಬೇಕು. ಅಂದರೆ ಪ್ರಶ್ನೆ ಕೇಳಿದರೆ ಉತ್ತರದಂಥದ್ದೇನಾದರೂ ಬರುತ್ತದೆ! ಬೇಲಿಯೊಳಗಿದ್ದ ಪಾಸುಧಾರಿಗಳಿಗೆ ಇದು ಹೊಸ ಮಾಹಿತಿ.

ನಮ್ಮ ಹುಡುಗ ಬೇಲಿಯೊಳಗೇ ಇದ್ದ. ಬೆಂಗಳೂರಿನಿಂದ ಫೋನು: ‘ಆ ಹುಡುಗನ ಬೈಟ್ ಸಿಕ್ತಾ?’

‘ಪೊಲೀಸರು ಕರ್ಕೊಂಡು ಹೋದ್ರು ಸರ್.’

‘ಸರಿ, ಹಂಗಾದ್ರೆ ಸಭೆಗೆ ಎಷ್ಟು ಜನ ಸೇರಿದ್ರು ಅಂತ ಕಳಿಸು. ಥಂಬ್‌ನೇಲ್‌ಗೆ ‘ಯಾರು ಈ ಯುವಕ? ಹಿನ್ನೆಲೆ ಏನು ಗೊತ್ತಾ?’ ಅಂತ ಹಾಕ್ತೀವಿ.’

‘ಸರ್, ಅವನು ಕೇಳಿದ್ದು...’

‘ಅದು ಪೊಲಿಟಿಕಲ್ ಆಗುತ್ತೆ.’

ಪ್ರಶ್ನೆಗೆ ಹಿನ್ನೆಲೆ ಇದೆಯೇ ಎಂದು ಯಾರೂ ನೋಡಲಿಲ್ಲ, ಕೇಳಿದವನ ಹಿನ್ನೆಲೆಯನ್ನು ಸಂಜೆಯವರೆಗೆ ಜಾಲಾಡಿದರು. ವಿರೋಧಿ ಪಾಳಯದವರು ಆ ಕ್ಲಿಪ್ಪನ್ನು ಹಂಚಿ ಹಂಚಿ ಸವೆಸಿದರು. ಅವರ ಕಾಲದ ರಫ್ತು ನಿಷೇಧಗಳ ಕ್ಲಿಪ್ಪುಗಳು ಯಾವ ಮೊಬೈಲಿನಲ್ಲೂ ಇರಲಿಲ್ಲ.

ಸಂಬಳದ ವಿಷಯ ಅಷ್ಟಕ್ಕೇ ಬಿಟ್ಟೆನಲ್ಲವೇ? ಬಿಡುವುದೇ ವಾಡಿಕೆ. ಒಮ್ಮೆ ನಾಶಿಕದ ಕಚೇರಿಯಲ್ಲಿ ಅವನು ಮಜೀಠಿಯಾ ಹೆಸರೆತ್ತಿದ. ಪತ್ರಕರ್ತರ ವೇತನ ಮಂಡಳಿ, 2011ರ ನವೆಂಬರಿನಲ್ಲಿ ಅಧಿಸೂಚನೆ, 2014ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು, ಎಲ್ಲ ಬಾಯಿಪಾಠ. ‘ಮಜೀಠಿಯಾನಾ? ಅವರು ಪಂಜಾಬಿನ ರಾಜಕಾರಣಿ ಅಲ್ವಾ, ನಮ್ಮ ಎಡಿಷನ್‌ಗೆ ಬರಲ್ಲ’ ಎಂದರು. ಆಮೇಲೆ ಸಮಾಧಾನದಿಂದ ವಿವರಿಸಿದರು: ತಾಲೂಕು ಪ್ರತಿನಿಧಿಗೆ ಸಂಬಳವಿರುವುದಿಲ್ಲ, ಕಮಿಷನ್ ಇರುತ್ತದೆ. ಆಗಸ್ಟ್ 15, ಜನವರಿ 26, ದೀಪಾವಳಿ ಪುರವಣಿ, ಅದಕ್ಕಿಂತ ಹೆಚ್ಚಾಗಿ ಸ್ಥಳೀಯ ನಾಯಕರ ಹುಟ್ಟುಹಬ್ಬ. ಈರುಳ್ಳಿ ವ್ಯಾಪಾರಿಯಿಂದ ಶುಭಾಶಯದ ಅರ್ಧ ಪುಟ ತಂದರೆ ಇಷ್ಟು, ಪೂರ್ತಿ ಪುಟಕ್ಕೆ ಇಷ್ಟು. ಅವನಿಗೆ ಆಗ ಅರ್ಥವಾಯಿತು, ಈರುಳ್ಳಿ ಬೀಟಿನ ವರದಿಗಾರನನ್ನು ಸಾಕುವವರು ಯಾರೆಂದು. ಹರಾಜಿನ ತೂಕದ ಬಗ್ಗೆ ಅವನು ಸಂಗ್ರಹಿಸಿದ್ದ ದೂರುಗಳು ಇವತ್ತಿಗೂ ಅವನ ಫೋನಿನಲ್ಲಿವೆ. ಪ್ರೊಸೆಸ್‌ದಾಗ.

ಅಪಾಯ ಭತ್ಯೆಯ ಮಾತೂ ಇಲ್ಲ. 2023ರ ಫೆಬ್ರುವರಿಯಲ್ಲಿ, ಇದೇ ಮಹಾರಾಷ್ಟ್ರದ ರಾಜಾಪುರದಲ್ಲಿ, ರಿಫೈನರಿ ಯೋಜನೆಯ ಬೆನ್ನು ಹತ್ತಿದ್ದ ಶಶಿಕಾಂತ್ ವಾರಿಶೆ ಎಂಬ ವರದಿಗಾರರ ಸ್ಕೂಟರಿಗೆ ಎಸ್‌ಯುವಿ ಡಿಕ್ಕಿ ಹೊಡೆಯಿತು, ಅದೂ ಅವರ ವರದಿ ಅಚ್ಚಾದ ದಿನವೇ. ಮರುದಿನ ತೀರಿಕೊಂಡರು. ಆ ವರದಿಯಲ್ಲಿ ಹೆಸರಿದ್ದ ಭೂ ವ್ಯವಹಾರದವನನ್ನು ಪೊಲೀಸರು ಬಂಧಿಸಿದರು. ಪತ್ರಕರ್ತರ ಮೇಲಿನ ಹಲ್ಲೆ ತಡೆಯಲು ದೇಶದಲ್ಲೇ ಮೊದಲು ಕಾಯ್ದೆ ಮಾಡಿದ ರಾಜ್ಯವೂ ಮಹಾರಾಷ್ಟ್ರವೇ, 2017ರಲ್ಲಿ. ಆ ಕಾಯ್ದೆಯ ನೆರಳು ಬೀಳಬೇಕಾದರೆ ಯಾವುದಾದರೊಂದು ಸಂಸ್ಥೆ ‘ಇವನು ನಮ್ಮವನು’ ಎನ್ನಬೇಕು. ಲೋಗೋ ಕೊಟ್ಟವರು ಅಂಥ ಹೊತ್ತಿಗೆ ಲೋಗೋ ವಾಪಸು ಕೇಳುತ್ತಾರೆ.

2024ರ ಜೂನ್ 4ರಂದು ಲೋಕಸಭಾ ಚುನಾವಣೆಯ ಮತ ಎಣಿಕೆ. ದಿಂಡೋರಿಯಲ್ಲಿ ಕೇಂದ್ರ ಸಚಿವೆ ಭಾರತಿ ಪವಾರ್ ಸೋತರು, ಗೆದ್ದವರು ಶಾಲಾ ಮಾಸ್ತರ್ ಭಾಸ್ಕರ್ ಭಗರೆ. ನಾಶಿಕದಲ್ಲೂ ಮೇ 15ರ ವೇದಿಕೆಯ ಅಭ್ಯರ್ಥಿ ಸೋತರು. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿಗೆ ಹಠಾತ್ತನೆ ಈರುಳ್ಳಿ ನೆನಪಾಯಿತು. ‘ಈರುಳ್ಳಿ ಸೀಮೆಯಲ್ಲಿ ಮಗುಚಿದ್ದು ಹೇಗೆ? ಇಲ್ಲಿವೆ 5 ಕಾರಣ, 300 ಪದ, ಅರ್ಧ ಗಂಟೆಯಲ್ಲಿ ಬೇಕು. ಅವತ್ತು ಯಾವುದೋ ಹುಡುಗ ಏನೋ ಕೂಗಿದ್ನಲ್ಲ, ಅದನ್ನೂ ಸೇರಿಸು.’

ಅವನು ಮಂಡಿಯ ಕಟ್ಟೆಯ ಮೇಲೆ ಕೂತು ಬೆರಳಲ್ಲೇ ಟೈಪ್ ಮಾಡಿದ. ಒಂದು, ರಫ್ತು ಸುಂಕ. ಎರಡು, ರಫ್ತು ನಿಷೇಧ. ಮೂರು, 99,150 ಟನ್ನಿನ ಹಳೇ ಲೆಕ್ಕ. ನಾಲ್ಕು, ಮೇ 15ರ ಪ್ರಶ್ನೆ. ಐದು, ಇದನ್ನೆಲ್ಲ ಒಂದು ವರ್ಷದಿಂದ ಬರೆದು ಕಳಿಸಿದ್ದರೂ ಪ್ರಕಟಿಸದ ಸುದ್ದಿಮನೆಗಳು.

ಲೇಖನ ಹದಿನೈದು ನಿಮಿಷದಲ್ಲಿ ಅಪ್‌ಲೋಡ್ ಆಯಿತು. ಬೈಲೈನ್: ‘ವೆಬ್ ಡೆಸ್ಕ್’. ಕಾರಣಗಳು ನಾಲ್ಕೇ ಇದ್ದವು, ತಲೆಬರಹದಲ್ಲಿ 5 ಹಾಗೇ ಉಳಿದಿತ್ತು. ಐದನೆಯ ಕಾರಣವಿರಬೇಕಾದ ಜಾಗದಲ್ಲಿ ಜಾಹೀರಾತು ಬಿದ್ದಿತ್ತು: ಕೂದಲು ಉದುರುತ್ತಿದೆಯೇ? ಹಚ್ಚಿ ಅಪ್ಪಟ ಈರುಳ್ಳಿ ಎಣ್ಣೆ, 100 ಎಂ.ಎಲ್.ಗೆ ಕೇವಲ 349 ರೂಪಾಯಿ.